ಕೋಟೆ ಡಿಸ್ಕು, ನೀಲಿ ಡಿಸ್ಕು

ಹನಗೋಡಿನ ರಾಮಮ್ಮನಿಗೆ ಇಬ್ಬರು ಅಳಿಯಂದಿರು. ಇಬ್ಬರೂ ಒಳ್ಳೆಯವರೇ. ಆದರೆ ಒಂದೇ ಜಗಲಿಯ ಮೇಲೆ ಇಬ್ಬರನ್ನೂ ಕೂರಿಸುವುದು ಮಾತ್ರ ಮೂರು ವರ್ಷದಿಂದ ಆಕೆಯ ಕೈಲಿ ಆಗಿರಲಿಲ್ಲ.

ದೊಡ್ಡ ಮಗಳು ರಾಣಿಯ ಗಂಡ ಶಿವಶಂಕರ ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯವನು, ಶುಂಠಿ ಬೆಳೆಯುವವನು. ಚಿಕ್ಕವಳು ಪವಿತ್ರಾಳ ಗಂಡ ಧರ್ಮೇಂದ್ರ ಕೆ.ಆರ್. ನಗರದ ಕಡೆ ಚುಂಚನಕಟ್ಟೆಯವನು, ನಾಲೆ ನೀರಿನ ಗದ್ದೆಯವನು. ಮೂರು ವರ್ಷದ ಹಿಂದೆ ಯುಗಾದಿ ಮರುದಿನದ ಹೊಸತೊಡಕಿನ ಬಾಡೂಟದಲ್ಲಿ ರಾಮಮ್ಮ ಅವಸರದಲ್ಲಿ ಒಳ್ಳೆಯ ನಲ್ಲಿಮೂಳೆಯೊಂದನ್ನು ಚಿಕ್ಕ ಅಳಿಯನ ಎಲೆಗೆ ಬಡಿಸಿಬಿಟ್ಟಳು. ದೊಡ್ಡ ಅಳಿಯ ಆಗ ಏನೂ ಅನ್ನಲಿಲ್ಲ. ಊರಿಗೆ ಹೋಗುವ ದಾರಿಯಲ್ಲಿ ರಾಣಿಗೆ, "ಗದ್ದೆ ಇರೋರ್ಗೇ ಮೂಳೆ ಬುಡು" ಅಂದನಂತೆ. ಆ ಮಾತು ರಾಣಿಯಿಂದ ಪವಿತ್ರಾಳಿಗೆ, ಪವಿತ್ರಾಳಿಂದ ಧರ್ಮೇಂದ್ರನಿಗೆ ತಲುಪಿತು. ಅಲ್ಲಿಂದಾಚೆಗೆ ಒಬ್ಬ ಬಂದನೆಂದರೆ ಇನ್ನೊಬ್ಬ ಆ ವಾರ ಹನಗೋಡಿನ ಕಡೆ ತಲೆ ಹಾಕುತ್ತಿರಲಿಲ್ಲ.

ಎರಡು ಸಾವಿರದ ಏಳನೇ ಇಸವಿ. ದೀಪಾವಳಿ ಕಳೆದ ಮೇಲೆ ಮೈಸೂರಿನಲ್ಲಿ ರಾಮಮ್ಮನ ಎಡಗಣ್ಣಿನ ಪೊರೆ ತೆಗೆದರು. ಬಲಗಣ್ಣಿಗೆ ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಪಟ್ಟಿ ಬಿಚ್ಚಿದ ದಿನ ಗಂಡ ಸಣ್ಣಬೀರಯ್ಯನ ಪಂಚೆ ನೋಡಿ ಆಕೆ ಬೆಚ್ಚಿಬಿದ್ದಳು. "ಅಯ್ಯೋ, ಇಷ್ಟೊಂದು ನೀಲಿ ಆಕ್ಬುಟ್ಟಿದೀನಲ್ರೀ!" ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರೆ ಅದೇ ಪಂಚೆ ಹಳೇ ತುಪ್ಪದ ಬಣ್ಣ. ಒಂದು ವಾರ ಆಕೆ ಕಂಡಕಂಡದ್ದನ್ನೆಲ್ಲ ಆ ಕಣ್ಣು ಈ ಕಣ್ಣು ಬದಲಾಯಿಸಿ ನೋಡಿದಳು. ಹಸು, ಹಾಲು, ಪಕ್ಕದ ಮನೆಯ ಬೀರಮ್ಮನ ಮುಖ, ಯಾವುದನ್ನೂ ಬಿಡಲಿಲ್ಲ. ಆ ವರ್ಷ ಹೊಗೆಸೊಪ್ಪು ಹರಾಜಿನಲ್ಲಿ ಒಳ್ಳೆಯ ಬೆಲೆಗೆ ಹೋಗಿತ್ತು. ಹೊಸ ಕಣ್ಣಿಗೆ ಹೊಸ ಟೀವಿ ಬೇಕೆಂದು ಹುಣಸೂರಿಗೆ ಹೋಗಿ ದೊಡ್ಡದೊಂದು ಚಪ್ಪಟೆ ಟೀವಿ ತಂದಳು.

ಟೀವಿ ಬಂದ ಸುದ್ದಿ ಹೇಳಲು ಹೆಣ್ಣುಮಕ್ಕಳಿಗೆ ಫೋನು ಮಾಡಿದಾಗ ಆಕೆಗೊಂದು ಸಂಗತಿ ಗೊತ್ತಾಯಿತು. ಇಬ್ಬರು ಅಳಿಯಂದಿರೂ ಡಿಸ್ಕು ಹಾಕಿ ಸಿನಿಮಾ ನೋಡುವ ಹೊಸ ಯಂತ್ರ ಕೊಂಡಿದ್ದರು. ಮಾಮೂಲಿ ಡಿವಿಡಿಗಿಂತ ಐದಾರು ಪಟ್ಟು ಸ್ಪಷ್ಟವಾಗಿ ಕಾಣುತ್ತದಂತೆ. ಆದರೆ ಎರಡೂ ಬೇರೆ ಬೇರೆ ಜಾತಿ. ಒಂದರ ಡಿಸ್ಕು ಇನ್ನೊಂದರಲ್ಲಿ ಓಡದು. ಯಾವ ಜಾತಿ ಉಳಿಯಬೇಕೆಂದು ದೇಶದೇಶದ ಕಂಪನಿಗಳು ಎರಡು ಪಂಗಡವಾಗಿ ಕಚ್ಚಾಡುತ್ತಿವೆಯಂತೆ.

ರಾಮಮ್ಮ ಒಂದು ಗಳಿಗೆ ಯೋಚಿಸಿದಳು. ಆಮೇಲೆ ರಾಣಿಗೆ ಮತ್ತೆ ಫೋನು ಹಚ್ಚಿದಳು.

"ಪವಿತ್ರನ ಗಂಡನ್ದೇ ಮೇಲಂತೆ ಕಣವ್ವ. ನಿನ್ ಗಂಡನ್ದು ಡಬ್ಬ ಅಂದ್ನಂತೆ."

ಪವಿತ್ರಾಳಿಗೂ ಹಚ್ಚಿದಳು.

"ರಾಣಿ ಗಂಡನ್ದೇ ಮೇಲಂತೆ ಕಣವ್ವ."

ಯಾರೂ ಏನೂ ಅಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಅಳಿಯಂದಿರೂ ಒಂದೊಂದು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಅತ್ತೆಯ ಜಗಲಿಯ ಮೇಲೆ ಕೂತಿದ್ದರು. ಮಧ್ಯೆ ಮೂರು ಮೊಳ ಜಾಗ.

ಯಂತ್ರ ನೋಡಲು ಬೀರಮ್ಮನೂ ಬಂದಿದ್ದಳು. "ಇದ್ರ ಯೆಸ್ರೇನು ಅಳಿಯಂದ್ರೆ?" ಎಂದು ಶಿವಶಂಕರನನ್ನು ಕೇಳಿದಳು.

"ಎಚ್.ಡಿ. ಡಿವಿಡಿ."

"ನಿಮ್ ಕೋಟೇಲಿ ಮಾಡ್ತಾರಾ?"

ಅವನಿಗೆ ಅದನ್ನು ತಂದುಕೊಟ್ಟವನು ಮಾನಂದವಾಡಿಯ ಶುಂಠಿ ವ್ಯಾಪಾರಿ, ಅದೂ ದುಬೈನಲ್ಲಿದ್ದ ತಮ್ಮನ ಕೈಲಿ ತರಿಸಿ. ಆದರೂ ಶಿವಶಂಕರ ರೆಪ್ಪೆ ಮಿಟುಕಿಸಲಿಲ್ಲ. "ಮತ್ತೆ? ಎಗ್ಗಡದೇವನಕೋಟೆ ಡಿವಿಡಿ. ಕಾಕನಕೋಟೆ ಕಾಡೊಳಗೆ ಪ್ಯಾಕ್ಟ್ರಿ ಅದೆ. ಅತ್ತೆ ಟೀವಿ ಮೇಲೂ ಬರ್ದವ್ರೆ ನೋಡಿ, ಎಚ್.ಡಿ. ಅಂತ."

ಬೀರಮ್ಮ ಬಾಗಿಲಿಂದ ಒಳಗೆ ಇಣುಕಿ, ಟೀವಿಯ ಮೂಲೆಯಲ್ಲಿದ್ದ ಚೀಟಿ ನೋಡಿ ತಲೆದೂಗಿದಳು. "ನಿಮ್ದೇನಪ್ಪ?" ಎಂದು ಧರ್ಮೇಂದ್ರನ ಕಡೆ ತಿರುಗಿದಳು.

"ಬ್ಲೂ ರೇ," ಅಂದ ಅವನು ಎದೆಯುಬ್ಬಿಸಿ. "ಬೆಂಗ್ಳೂರಿಂದ ತರ್ಸಿದ್ದು."

ಬೀರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹಾಗೆಯೇ ಎದ್ದು ಹೋದಳು. ಆಕೆ ಯಾಕೆ ಎದ್ದಳೆಂದು ರಾಮಮ್ಮನಿಗೆ ಗೊತ್ತಾಗದೆ ಇರಲಿಲ್ಲ. ಹಿಂದೆಯೇ ಓಡಿಹೋಗಿ ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ಕೆ.ಆರ್. ನಗರದ ಅಳಿಯ ಅತ್ತೆಮನೆಗೆ ಬ್ಲೂ ಪಿಚ್ಚರ್ ತಂದವ್ನೆ ಎಂದು ಮಧ್ಯಾಹ್ನದೊಳಗೆ ಕೇರಿಯೆಲ್ಲ ಆಯಿತು. ಎಂದೂ ಬಾರದ ಆರು ಜನ ಗಂಡಸರು ಸಣ್ಣಬೀರಯ್ಯನ ಯೋಗಕ್ಷೇಮ ವಿಚಾರಿಸಲು ಬಂದು ನಡುಮನೆಯಲ್ಲಿ ಕೂತರು. ಸಂಜೆಯವರೆಗೂ ಕೂತು ಆಫ್ರಿಕಾದ ಆನೆಗಳನ್ನು ನೋಡಿ, ಮುಖ ಸಣ್ಣ ಮಾಡಿಕೊಂಡು ಎದ್ದು ಹೋದರು.

ಆನೆಗಳದ್ದು ಕಾಡುಪ್ರಾಣಿಗಳ ಚಿತ್ರ. ಅದೊಂದೇ ಇಬ್ಬರ ಹತ್ತಿರವೂ ಇತ್ತು, ಅವರವರ ಜಾತಿಯ ಡಿಸ್ಕಿನಲ್ಲಿ. ಹಾಗಾಗಿ ಪಂದ್ಯಕ್ಕೆ ಅದೇ ಸರಿ ಎಂದಾಯಿತು. ಆದರೆ ಟೀವಿಯ ಹಿಂದೆ ಈ ಯಂತ್ರಗಳ ತಂತಿ ಸಿಕ್ಕಿಸಲು ಇದ್ದದ್ದು ಒಂದೇ ತೂತು. ಒಬ್ಬ ತನ್ನ ತಂತಿ ಚುಚ್ಚಿ ತೋರಿಸುವುದು, ಇನ್ನೊಬ್ಬ ಅದನ್ನು ಕಿತ್ತು ತನ್ನದು ಚುಚ್ಚುವುದು. ಇಬ್ಬರದ್ದೂ ಮೂರು ಮೂರು ಸರದಿ ಆದ ಮೇಲೆ ಧರ್ಮೇಂದ್ರ ಕೇಳಿದ. "ಈಗ ಯೋಳಿ ಅತ್ತೆ. ಯಾವುದ್ ಚೆಂದ?"

ರಾಮಮ್ಮನಿಗೆ ಎರಡೂ ಒಂದೇ ಥರ ಕಂಡಿದ್ದವು. ಅದನ್ನು ಹೇಳಿಬಿಟ್ಟರೆ ಇಬ್ಬರೂ ಪೆಟ್ಟಿಗೆ ಕಟ್ಟಿ ಹೊರಡುತ್ತಾರೆ.

"ಎಂಗ್ ಯೋಳ್ಲಿ ಅಳಿಯಂದ್ರೆ? ನೀವು ತಂತಿ ಬದ್ಲಾಯ್ಸಾ ವೊತ್ಗೆ ಮೊದ್ಲು ನೋಡಿದ್ದು ಮರ್ತೋಯ್ತದೆ. ಅದೂ ಅಲ್ದೆ ಆ ಒಡ್ದೋಗಿರೋ ಎಂಚಿಂದ ಬಿಸ್ಲು ಟೀವಿ ಮೇಲೇ ಬೀಳ್ತದೆ."

ಹೆಂಚು ಒಡೆದು ಎರಡು ಮಳೆಗಾಲ ಆಗಿತ್ತು. ಸಣ್ಣಬೀರಯ್ಯ ಅದನ್ನು ನಾಳೆ ಮಾಡ್ತೀನಿ ಎನ್ನುತ್ತ ಬಂದಿದ್ದ. ಆ ಸಂಜೆ ಧರ್ಮೇಂದ್ರ ಏಣಿ ಹಿಡಿದ, ಶಿವಶಂಕರ ಮೇಲೆ ಹತ್ತಿದ. ಹೆಂಚು ಬೇಕಾದಾಗ ಬಾಯಿ ಬಿಡಲೇಬೇಕಲ್ಲ. "ಕೊಡಪ್ಪ," ಅಂದ ಮೇಲಿದ್ದವನು. "ತಗಳಣ್ಣ," ಅಂದ ಕೆಳಗಿದ್ದವನು. ಮೂರು ವರ್ಷದಲ್ಲಿ ಅದೇ ಮೊದಲ ಮಾತು. ಒಳಗೆ ಕಾಫಿ ಸೋಸುತ್ತಿದ್ದ ರಾಮಮ್ಮ ಅದನ್ನು ಕಿವಿಯಾರೆ ಕೇಳಿಸಿಕೊಂಡಳು.

ಮುಂದಿನ ಭಾನುವಾರ ಶಿವಶಂಕರ ತನ್ನ ಮನೆಯ ಟೀವಿಯನ್ನೇ ಪಿಕಪ್ಪಿನಲ್ಲಿ ಹಾಕಿಕೊಂಡು ಬಂದ. ಅತ್ತೆಯ ಟೀವಿಯದ್ದೇ ಕಂಪನಿ, ಅದೇ ಅಳತೆ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ಒಟ್ಟಿಗೇ ಓಡಿಸಬಹುದಿತ್ತು. ರಾಮಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ, ನಡುಮನೆಯಲ್ಲಿ ಬೆಳಕು ಜಾಸ್ತಿಯಾಯಿತು ಎಂದಳು. ಕಿಟಕಿಯಿಲ್ಲದ ಜಾಗ ಬೇಕು. ಅಂಥದ್ದು ಅವರಿಗಿದ್ದದ್ದು ಒಂದೇ, ಹಿತ್ತಲಿನ ಬ್ಯಾರನ್ನು. ಹೊಗೆಸೊಪ್ಪು ಬೇಯಿಸುವ, ಎರಡಾಳೆತ್ತರದ ಕತ್ತಲೆ ಮನೆ. ಸೊಪ್ಪಿನ ಕೆಲಸ ಮುಗಿದು ಖಾಲಿ ಬಿದ್ದಿತ್ತು.

"ಆದ್ರೆ ಒಳ್ಗೆ ಮಸಿ ಅಳಿಯಂದ್ರೆ. ಅಂತ ಬೆಲೆ ಬಾಳೋ ಸಾಮಾನ ಎಂಗಿಡಾದು?"

ಅಳಿಯಂದಿರು ಪಂಚೆ ಮೇಲಕ್ಕೆ ಕಟ್ಟಿದರು. ಬೆಂಕಿಯ ಶಾಖ ಹಾಯುವ ತಗಡಿನ ಕೊಳವೆಗಳನ್ನು ಬಿಚ್ಚಿ ಹೊರಗೆ ಹಾಕಿದರು, ತೂತು ಬಿದ್ದವನ್ನು ಹುಣಸೂರಿಗೆ ಒಯ್ದು ಬೆಸುಗೆ ಹಾಕಿಸಿ ತಂದರು. ಅದರ ಮುಂದಿನ ವಾರ ವೋಲ್ಟೇಜು ಸಾಲದು ಎಂದಾಯಿತು. ಹಳೇ ವೈರೆಲ್ಲ ಕಿತ್ತು ಹೊಸದು ಎಳೆದರು. ಆಮೇಲೆ ಗೋಡೆ ಕಪ್ಪಾಗಿ ಕಣ್ಣು ನೋಯುತ್ತದೆ ಎಂದಳು, ಗಾರೆ ಮೆತ್ತಿ ಸುಣ್ಣ ಹೊಡೆಯತೊಡಗಿದರು. ವಾರಕ್ಕೊಂದು ಗೋಡೆ. ಪ್ರತಿ ಭಾನುವಾರ ಕೆಲಸ ಮುಗಿದ ಮೇಲೆ ಒಂದು ಗಂಟೆ ಆನೆ ತೋರಿಸುವುದು, ಅತ್ತೆ ತೀರ್ಪು ಮುಂದಕ್ಕೆ ಹಾಕುವುದು.

ಬ್ಯಾರನ್ನಿನಲ್ಲಿ ಕೂತರೆ ಹೊಗೆಸೊಪ್ಪಿನ ಘಾಟಿಗೆ ಎಲ್ಲರಿಗೂ ಸೀನು. ಸೀನುತ್ತಲೇ ನೋಡುತ್ತಿದ್ದರು. ಎರಡು ಟೀವಿಗಳಲ್ಲೂ ಅದೇ ಆನೆಹಿಂಡು ಅದೇ ಹೊಳೆ ದಾಟುತ್ತಿತ್ತು. ರಾಮಮ್ಮ ಆನೆಗಳ ವಿಷಯದಲ್ಲಿ ಯಾರಿಗೂ ಕಡಿಮೆಯವಳಲ್ಲ. ನಾಗರಹೊಳೆ ಕಡೆಯಿಂದ ಬಂದು ತನ್ನ ರಾಗಿ ತುಳಿದ ಆನೆಗಳನ್ನು ಅಟ್ಟಣೆ ಮೇಲಿಂದ ಎಷ್ಟು ವರ್ಷ ನೋಡಿಲ್ಲ!

"ಈ ಸಲಗಕ್ಕೆ ಮದ ಬಂದದೆ," ಎಂದಳು ಒಂದು ಭಾನುವಾರ. "ಕೆನ್ನೆ ಮೇಲೆ ಒದ್ದೆ ಗೆರೆ ನೋಡಿ. ಚಿಕ್ಕಳಿಯಂದ್ರ ಟೀವೀಲಿ ಪಷ್ಟಾಗಿ ಕಾಣ್ತದೆ. ದೊಡ್ಡಳಿಯಂದ್ರ ಟೀವೀಲಿ ಅಷ್ಟಾಗಿ ಕಾಣಾಕಿಲ್ಲ."

ಧರ್ಮೇಂದ್ರ ತೊಡೆ ತಟ್ಟಿದ. ಶಿವಶಂಕರನ ಮುಖ ಇಳಿಯಿತು. ಅರ್ಧ ಗಂಟೆ ಬಿಟ್ಟು ರಾಮಮ್ಮ, "ಆದ್ರೆ ಕೊಕ್ಕರೆ ಬಿಳುಪು ನೋಡಿ. ದೊಡ್ಡಳಿಯಂದ್ರದ್ರಲ್ಲಿ ಮಲ್ಲಿಗೆ ಇದ್ದಂಗದೆ, ಚಿಕ್ಕಳಿಯಂದ್ರದ್ರಲ್ಲಿ ಅರಿಶಿಣ ಮೆತ್ಕಂಡಂಗದೆ," ಎಂದಳು. ಈಗ ತೊಡೆ ತಟ್ಟಿದವನು ಶಿವಶಂಕರ.

ಸಂಜೆ ಪಾತ್ರೆ ತೊಳೆಯುವಾಗ ಪವಿತ್ರಾ ತಾಯಿಯ ಪಕ್ಕ ಬಂದು ಕೂತಳು. "ಅವ್ವಾ, ನೀನು ಆ ಟೀವಿ ನೋಡೋವಾಗ ಒಂದ್ ಕಣ್ಣು ಮುಚ್ತೀಯ, ಈ ಟೀವಿ ನೋಡೋವಾಗ ಇನ್ನೊಂದು ಮುಚ್ತೀಯ."

"ಸೀನು ಕಣವ್ವ. ಕಣ್ಣುರಿ."

"ಸೀನು ಒಂದೊಂದೇ ಕಣ್ಣಿಗೆ ಬತ್ತದಾ?"

ರಾಮಮ್ಮ ಬೋಗುಣಿ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಾಕನೇ ಗ್ವಾಡೆ ಆಗ್ಲಿ ಸುಮ್ನಿರು. ಆಮ್ಯಾಕೆ ಎರಡ್ ಕಣ್ಣೂ ಬುಟ್ ನೋಡ್ತೀನಿ." ಪವಿತ್ರಾ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡು ಹಿತ್ತಲಿಗೆ ಓಡಿದಳು.

ನಾಲ್ಕನೇ ಗೋಡೆ ಆಗಲಿಲ್ಲ. ಫೆಬ್ರವರಿ ಕೊನೆಯಲ್ಲಿ ಧರ್ಮೇಂದ್ರ ಒಬ್ಬನೇ ಬಂದ. ಕೈಯಲ್ಲಿ ಪೇಪರಿನ ತುಂಡು. ಅದನ್ನು ಕೆ.ಆರ್. ನಗರದಲ್ಲಿ ಪ್ಲಾಸ್ಟಿಕ್ ಹೊದಿಸಿ ಲ್ಯಾಮಿನೇಟ್ ಮಾಡಿಸಿದ್ದ.

"ಎಚ್.ಡಿ. ಡಿವಿಡಿ ಮಾಡೋ ಜಪಾನ್ ಕಂಪನಿಯೋರೇ ಕೈ ಎತ್ಬುಟ್ರು ಅತ್ತೆ. ಇನ್ಮೇಲೆ ಮಾಡಾದೇ ಇಲ್ವಂತೆ. ಶಂಕ್ರಣ್ಣನ್ ಪೆಟ್ಗೆ ಇನ್ನು ಕೋಳಿ ಕಾವಿಗೆ ಕೂರ್ಸಕ್ಕೆ ಸರಿ."

ಮೂರು ಸಲ ಓದಿ ಹೇಳಿ, ಕಾಫಿ ಕುಡಿದು, ಹನ್ನೊಂದು ಗಂಟೆಗೆಲ್ಲ ಎದ್ದು ನಿಂತ. ಪಂದ್ಯ ಮುಗಿದಿದೆ, ಇನ್ನು ಭಾನುವಾರ ಬರುವ ಕೆಲಸವೇನು? ಉಳಿದ ಗೋಡೆಗೆ ಆಳು ಕರೆಸಿಕೊಳ್ಳಿ ಎಂದು ಹೇಳಿ ತನ್ನ ಯಂತ್ರವನ್ನೂ ಕಾರಿಗೆ ಹಾಕಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಅಂತರಸಂತೆಯಿಂದ ರಾಣಿಯ ಫೋನು ಬಂತು. ಗಂಡ ಎರಡು ದಿನದಿಂದ ಯಾರ ಜೊತೆಯೂ ಮಾತಾಡುತ್ತಿಲ್ಲ, ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾನೆ ಎಂದು.

ರಾಮಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವಳೇ ಹುಣಸೂರಿಗೆ ಬಂದು, ಕೋಟೆ ಬಸ್ಸು ಹಿಡಿದು, ಅಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ಅಂತರಸಂತೆ ಸೇರಿದಳು. ಶಿವಶಂಕರ ಹೊಲದಲ್ಲಿ ಕಿತ್ತ ಶುಂಠಿಯ ರಾಶಿಯ ಪಕ್ಕ ಕೂತು ಮಣ್ಣು ಬಿಡಿಸುತ್ತಿದ್ದ. ಅತ್ತೆ ಕಂಡೊಡನೆ ಎದ್ದು ನಿಂತ.

"ನೀವ್ಯಾಕ್ ಬರಾಕ್ ಓದ್ರಿ ಅತ್ತೆ, ಈ ಬಿಸ್ಲಲ್ಲಿ?"

"ಜಪಾನ್ನೋರು ಕೈ ಎತ್ತುದ್ರೆ ಎತ್ಕಳ್ಳಿ ಬುಡಿ," ಎಂದಳು ಆಕೆ, ಬದುವಿನ ಮೇಲೆ ಕೂರುತ್ತ. "ನಾನಿನ್ನೂ ತೀರ್ಪು ಕೊಟ್ಟಿಲ್ವಲ್ಲ."

ಶಿವಶಂಕರ ಒಂದು ಶುಂಠಿಗೆಡ್ಡೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಆಮೇಲೆ ಮೆಲ್ಲಗೆ, "ನೀವು ಕೊಡಾಕಿಲ್ಲ ಅಂತ ನಂಗೆ ಗೊತ್ತು," ಅಂದ. "ನೀವು ಕಣ್ ಬದ್ಲಾಯ್ಸಾದ್ನ ಎರಡ್ನೇ ವಾರವೇ ನೋಡ್ದೆ."

ರಾಮಮ್ಮ ರಾಶಿಯಿಂದ ಒಂದು ಗೆಡ್ಡೆ ಎತ್ತಿಕೊಂಡು ತಾನೂ ಮಣ್ಣು ಬಿಡಿಸತೊಡಗಿದಳು.

"ಮತ್ಯಾಕ್ ಬತ್ತಿದ್ರಿ ಅಳಿಯಂದ್ರೆ, ವಾರ ವಾರ? ಅಷ್ಟ್ ದೂರದಿಂದ?"

"ಅವ್ನು ಏಣಿ ಚೆನ್ನಾಗಿ ಹಿಡೀತಾನೆ," ಅಂದ ಶಿವಶಂಕರ. ಅಷ್ಟು ಹೇಳಿ ನಾಚಿಕೆಯಾದವನಂತೆ ಮತ್ತೆ ಮಣ್ಣು ಬಿಡಿಸಲು ಕೂತ. ಸ್ವಲ್ಪ ತಡೆದು ತಾನೇ ನಗತೊಡಗಿದ. "ಆದ್ರೆ ಆ ಪೇಪರ್ಗೆ ಪ್ಲಾಸ್ಟಿಕ್ ಒದ್ಸಿದ್ನಂತಲ್ಲ ಅತ್ತೆ, ರಾಣಿ ಯೋಳುದ್ಲು, ಅದುಕ್ಕೇನಾರ ಮಾಡ್ಬೇಕು."

ಏನು ಮಾಡಬೇಕೆಂದು ಶುಂಠಿ ರಾಶಿಯ ಪಕ್ಕದಲ್ಲೇ ಅತ್ತೆ ಅಳಿಯ ಕೂತು ಗೊತ್ತು ಮಾಡಿದರು. ಸಂಜೆ ಪವಿತ್ರಾಳಿಗೂ ಫೋನು ಹೋಯಿತು.

ಮುಂದಿನ ಭಾನುವಾರ ಕೊನೆಯ ತೀರ್ಪು ಎಂದು ಎಲ್ಲರನ್ನೂ ಯಂತ್ರಗಳ ಸಮೇತ ಕರೆಸಿದ್ದಾಯಿತು. ಧರ್ಮೇಂದ್ರ ಗೆದ್ದವನ ಠೀವಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು ಬಂದ. ಅವನು ಜಗಲಿಯ ಮೇಲೆ ಕಾಫಿ ಕುಡಿಯುತ್ತಿರುವಾಗ ಪವಿತ್ರಾ ಬ್ಯಾರನ್ನಿಗೆ ಹೋಗಿ ಗಂಡನ ಯಂತ್ರದ ತಂತಿಯನ್ನು ಭಾವನ ಟೀವಿಗೂ, ಭಾವನ ಯಂತ್ರದ ತಂತಿಯನ್ನು ಗಂಡನ ಮುಂದಿನ ಟೀವಿಗೂ ಸಿಕ್ಕಿಸಿ, ಮೇಲೆ ಒಂದು ಟವೆಲ್ಲು ಇಳಿಬಿಟ್ಟು ಬಂದಳು.

ಎಲ್ಲರೂ ಕೂತ ಮೇಲೆ ರಾಮಮ್ಮ ಬಾಯಿ ಬಿಟ್ಟಳು. "ನಂಗೆ ವಯಸ್ಸಾಯ್ತು. ಚಿಕ್ಕಳಿಯಂದ್ರು ತಿಳ್ದೋರು. ಯಾವ್ದು ಮೇಲು ಅಂತ ಅವ್ರೇ ಯೋಳ್ಲಿ. ಅವ್ರು ಅಂದದ್ದೇ ತೀರ್ಪು."

ಶಿವಶಂಕರ ತಲೆ ತಗ್ಗಿಸಿ ಒಪ್ಪಿಕೊಂಡ. ಧರ್ಮೇಂದ್ರ ಎದ್ದು ತನ್ನ ಟೀವಿಯ ಪಕ್ಕ ನಿಂತು ಬೆರಳಿಟ್ಟು ತೋರಿಸತೊಡಗಿದ. "ನೋಡಿ, ಸೊಂಡ್ಲ ಮೇಲೆ ಒಂದೊಂದ್ ಕೂದ್ಲೂ ಎಣ್ಸ್ಬೋದು. ನೀರ್ ನೋಡಿ, ಕೈ ಇಟ್ರೆ ಒದ್ದೆ ಆಯ್ತದೆ. ಅದೇ ಆ ಕಡೆ ನೋಡಿ, ಮಂಜು ಮುಚ್ದಂಗೆ. ಇದಪ್ಪ ಬ್ಲೂ ರೇ ಅಂದ್ರೆ! ಕುರುಡ್ರಿಗೂ ಗೊತ್ತಾಯ್ತದೆ."

ಪವಿತ್ರಾ ಟವೆಲ್ಲು ಎತ್ತಿದಳು. ಧರ್ಮೇಂದ್ರನ ಕಣ್ಣು ತಂತಿಯ ಜೊತೆಯಲ್ಲೇ ಹೋಗಿ ಭಾವನ ಪೆಟ್ಟಿಗೆಯ ಮೇಲೆ ನಿಂತಿತು. ಶಿವಶಂಕರ ತಡೆದುಕೊಂಡಿದ್ದ ನಗು ಸೀನಿನ ಜೊತೆ ಸೇರಿ ಒಮ್ಮೆಗೇ ಸ್ಫೋಟವಾಯಿತು. ಸಣ್ಣಬೀರಯ್ಯನೂ ಬಿದ್ದು ಬಿದ್ದು ನಕ್ಕ.

ಧರ್ಮೇಂದ್ರ ನಗಲಿಲ್ಲ. ಸೀದಾ ಹೊರಗೆ ನಡೆದ. ಕಾರಿನ ಬಾಗಿಲು ಧಡಾರೆಂದಿತು, ಇಂಜಿನ್ನು ಶುರುವಾಯಿತು. ರಾಮಮ್ಮ ಕೂತಲ್ಲಿಂದ ಎದ್ದಳು. ಅತಿ ಮಾಡಿಬಿಟ್ಟೆನೇನೋ! ಬಾಗಿಲ ತನಕ ಬಂದಳು. ಕಾರು ಹೋಗಲಿಲ್ಲ, ಇಂಜಿನ್ನು ಮಾತ್ರ ಓಡುತ್ತಿತ್ತು. ಶಿವಶಂಕರ ಹೊರಗೆ ಹೋಗಿ ಕಾರಿನ ಪಕ್ಕ ನಿಂತು ಏನೋ ಹೇಳಿದ. ಇಂಜಿನ್ನು ನಿಂತಿತು. ಅವರಿಬ್ಬರೂ ಅಲ್ಲೇ ಬಹಳ ಹೊತ್ತು ಮಾತಾಡಿದರು. ಒಮ್ಮೆ ಇಬ್ಬರೂ ಒಟ್ಟಿಗೇ ಬ್ಯಾರನ್ನಿನ ಬಾಗಿಲ ಕಡೆ ತಿರುಗಿ ನೋಡಿದ್ದು ರಾಮಮ್ಮನಿಗೆ ಯಾಕೋ ಸರಿಕಾಣಲಿಲ್ಲ.

ಒಳಗೆ ಬಂದ ಧರ್ಮೇಂದ್ರನ ಮುಖದಲ್ಲಿ ಸಿಟ್ಟಿರಲಿಲ್ಲ. "ಅತ್ತೆ, ಈಗ ನಿಮ್ ಸರದಿ. ಒಂದೇ ಟೀವಿ. ಯಾವ ತಂತಿ ಸಿಕ್ಸವ್ರೆ ಅಂತ ನೀವು ಯೋಳ್ಬೇಕು. ಶಂಕ್ರಣ್ಣ ನಿಮ್ ಬಲಗಣ್ಣು ಮುಚ್ಕತಾನೆ. ಒಳ್ಳೇ ಕಣ್ಣಲ್ಲೇ ನೋಡಿ."

ಶಿವಶಂಕರ ಆಗಲೇ ಕರವಸ್ತ್ರ ಮಡಿಸಿ ಹಿಡಿದಿದ್ದ. ಆರು ವಾರ ತಮ್ಮಿಬ್ಬರನ್ನೂ ಕುಣಿಸಿದ ಕಣ್ಣುಗಳ ಕತೆಯನ್ನು ಕಾರಿನ ಪಕ್ಕ ನಿಂತು ಅವನು ಹೇಳಿಬಿಟ್ಟಿದ್ದಾನೆ ಎಂದು ರಾಮಮ್ಮನಿಗೆ ಅರ್ಥವಾಯಿತು.

"ತಪ್ಪು ಯೋಳುದ್ರೆ?" ಎಂದಳು.

"ನಾಕನೇ ಗ್ವಾಡೆಗೆ ಸುಣ್ಣ ನೀವೇ ವೊಡೀಬೇಕು."

ತಂತಿ ಬದಲಾಯಿಸಲು ಪವಿತ್ರಾ ಎದ್ದಳು. "ನೀನು ಮಾತ್ರ ಬ್ಯಾಡ," ಎಂದ ಅವಳ ಗಂಡ. "ರಾಣಿ ಅತ್ಗೆ ಮಾಡ್ಲಿ. ಅವ್ರು ಮೋಸ ಗೊತ್ತಿಲ್ದೋರು."

ರಾಣಿ ಎಂದರೆ ಹಾಗೆಯೇ. ಈ ಎರಡು ತಿಂಗಳಲ್ಲಿ ಅವಳು ಯಾರ ಪರವೂ ಒಂದು ಮಾತಾಡಿದವಳಲ್ಲ, ಆನೆಗಳನ್ನೂ ಸರಿಯಾಗಿ ನೋಡಿದವಳಲ್ಲ. ಎಲ್ಲರಿಗೂ ಮಜ್ಜಿಗೆ ಕೊಡುತ್ತ ಬಂದವಳು ತಾಯಿಗೆ ಲೋಟ ಕೊಡಲು ಬಗ್ಗಿದಾಗ, ತುಟಿ ಅಲುಗಿಸದೆ, "ಬಳೆ ಸದ್ದಾದ್ರೆ ನಮ್ಮೋರ್ದು," ಅಂದಳು. ಹೋಗಿ ಟೀವಿಯ ಹಿಂದೆ ಕೂತಳು.

ಟೀವಿಯಲ್ಲಿ ಆನೆ ಬಂತು. ರಾಮಮ್ಮ ಒಂದೇ ಕಣ್ಣಲ್ಲಿ ದಿಟ್ಟಿಸಿದಳು. ಬಳೆ ಸದ್ದಿಲ್ಲ.

"ನೀಲಿ," ಎಂದಳು.

ಸರಿಯಾಗಿತ್ತು. ಅಳಿಯಂದಿರು ಮುಖ ಮುಖ ನೋಡಿಕೊಂಡರು. ಎರಡನೇ ಸಲ ಹಿಂದಿನಿಂದ ಗಾಜಿನ ಬಳೆ ಸಣ್ಣಗೆ ಕಿಣಿ ಎಂದಿತು.

"ಕೋಟೆ."

ಮೂರನೇ ಸಲ, ನಾಲ್ಕನೇ ಸಲ, ಐದನೇ ಸಲ. ಒಂದೂ ತಪ್ಪಲಿಲ್ಲ. ಆರನೆಯದಕ್ಕೆ ರಾಮಮ್ಮ ಬೇಕೆಂದೇ ಸ್ವಲ್ಪ ತಡೆದು, ಮೂಗು ಸೊಟ್ಟ ಮಾಡಿ, "ಈ ಆನೆ ಬಾಲ್ದ ತುದಿ ಮಸುಕಾಗದೆ. ಕೋಟೇದೇ," ಎಂದು ವಿವರಣೆಯನ್ನೂ ಕೊಟ್ಟಳು.

ಧರ್ಮೇಂದ್ರ ಪರದೆಗೆ ಮೂಗು ಮುಟ್ಟುವಷ್ಟು ಹತ್ತಿರ ಹೋಗಿ ಬಾಲದ ತುದಿಯನ್ನೇ ನೋಡಿದ. ಶಿವಶಂಕರನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಮಸುಕು ಅವರಿಗೆ ಕಾಣಿಸುತ್ತಿರಲಿಲ್ಲ. ಆಪರೇಷನ್ ಮಾಡುವಾಗ ಕಣ್ಣೊಳಗೆ ಅದೇನು ಇಟ್ಟಿದ್ದಾರೋ ಎಂದ ಒಬ್ಬ. ಕಣ್ಣಲ್ಲ, ಯಂತ್ರದ ಸದ್ದು ಹಿಡಿಯುತ್ತಾರೆ ಎಂದ ಇನ್ನೊಬ್ಬ. ಬ್ಯಾರನ್ನಿನ ಹೊಸ್ತಿಲ ಮೇಲೆ ಒಬ್ಬರ ಭುಜಕ್ಕೊಬ್ಬರು ತಗುಲಿಕೊಂಡು ಕೂತು ಸಂಜೆಯವರೆಗೂ ಅದನ್ನೇ ಜಗಳವಾಡಿದರು. ರಾಣಿ ಅವರ ಮಧ್ಯೆ ಖಾಲಿ ಲೋಟಗಳನ್ನು ಎತ್ತಿಕೊಂಡು, ಅದೇ ಏನೂ ಗೊತ್ತಿಲ್ಲದ ಮುಖದಲ್ಲಿ ಹಾದುಹೋದಳು.

ಮರುವಾರ ಇಬ್ಬರು ಅಳಿಯಂದಿರೂ ಒಂದೇ ಕಾರಿನಲ್ಲಿ ಬಂದಿಳಿದರು. ಹುಣಸೂರಿನಲ್ಲಿ ಕೂಡಿಕೊಂಡು, ಔಷಧಿ ಅಂಗಡಿಯಲ್ಲಿ ಅತ್ತೆಯ ಕಿವಿಗೆ ತುಂಬಲು ಒಂದು ಉಂಡೆ ಹತ್ತಿ ಕೊಂಡಿದ್ದರು. ಕಾರಿನಿಂದ ಇಳಿಯುವಾಗಲೂ ಅವರ ಮಾತು ನಿಂತಿರಲಿಲ್ಲ. ರಾಮಮ್ಮ ಹತ್ತಿ ಕಂಡಳು. ಅದು ಕಿವಿಗೆ ಬಿದ್ದರೆ ಬಳೆ ಸದ್ದು ಕೇಳಿಸದು. ರಾಣಿ ಕಾರಿನಿಂದ ಇಳಿದು ಬರುವುದನ್ನೇ ಕಾದಿದ್ದು, ಕೈಕಾಲು ತೊಳೆದುಕೋ ಬಾ ಎಂದು ಅವಳ ತೋಳು ಹಿಡಿದು ಬಚ್ಚಲ ಕಡೆಗೆ ಎಳೆದುಕೊಂಡು ಹೋದಳು.